ಅತ್ತೆಯ ದನಿಗೆ ಹೊಂದುವ ಎಡಿಟರ್

ಬರೆಯುವ ಸಲಕರಣೆಗಳ ಕುರಿತು ಇಚಲಕರಂಜಿಯಲ್ಲಿ ನನ್ನ ಸೋದರಮಾವನಷ್ಟು ತಿಳಿದವರು ಮತ್ತೊಬ್ಬರಿಲ್ಲ; ಅವನಷ್ಟು ಕಡಿಮೆ ಬರೆದವರೂ ಮತ್ತೊಬ್ಬರಿಲ್ಲ! ಎದುರಿಗೆ ಕಂಪ್ಯೂಟರು, ಅದರೊಳಗೆ ಸಾಲುಗಟ್ಟಿ ನಿಂತ ಎಡಿಟರುಗಳು, ಅಂದರೆ ಅಕ್ಷರ ಬರೆದು, ತಿದ್ದಿ, ಉಳಿಸಿಕೊಡುವ ತಂತ್ರಾಂಶಗಳು. ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಅಷ್ಟೆ. ಹೆಣ್ಣು ನೋಡಲು ಹೋದ ಮೊದಲ ಮನೆಯಲ್ಲೇ, ತಟ್ಟೆಯ ಅವಲಕ್ಕಿ ಮುಗಿಯುವ ಮುನ್ನ, ಹೂಂ ಅಂದಿದ್ದ ಮನುಷ್ಯ ಈಗ ಒಂದು ಎಡಿಟರನ್ನು ಆರಿಸಲಾರದೆ ವರ್ಷಗಳನ್ನು ಉರುಳಿಸುತ್ತಿದ್ದಾನೆ. ನೀವು ಇದನ್ನು ವಿಚಿತ್ರ ಸ್ವಭಾವವೆಂದು ನಕ್ಕು ಬಿಡಬಹುದು. ನಾನು ಬಿಡಲಾರೆ. ಏಕೆಂದರೆ ಅವನ ಆಯ್ಕೆಗಾಗಿ ಅದೇ ಮನೆಯಲ್ಲಿ ಒಂದು ಬಾಯಿ ಕಾಯುತ್ತ ಕುಳಿತಿದೆ.

ಆ ಬಾಯಿ ನನ್ನ ಅತ್ತೆಯದು. ಗಂಟಲಲ್ಲಿ ಗಡ್ಡೆಯೆಂದು ಕೊಲ್ಹಾಪುರದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಜೀವ ಉಳಿಯಿತು, ದನಿ ಹೋಯಿತು. ಎಂಥ ದನಿ ಅದು! ವಿದ್ಯುತ್ ಮಗ್ಗಗಳ ಗದ್ದಲದಲ್ಲಿ ಹಗಲು ಕಳೆದವರು ಶೆಡ್ಡಿನಿಂದ ಹೊರಬಂದ ಮೇಲೂ ಲೋಕವೆಲ್ಲ ಕಿವುಡೆಂಬಂತೆ ಮಾತನಾಡುತ್ತಾರೆ. ಅವರೆಲ್ಲರ ನಡುವೆಯೂ ಅತ್ತೆ ಒಂದು ಕೈ ಮೇಲು. ಅಡುಗೆಮನೆಯಲ್ಲಿ ನಿಂತು ‘ಕೊತ್ತಂಬರಿ ಮುಗದೈತಿ’ ಎಂದು ತನ್ನಷ್ಟಕ್ಕೆ ಗೊಣಗಿದರೆ ಪಕ್ಕದ ಗಲ್ಲಿಯ ತರಕಾರಿಯವ ಗಾಡಿ ತಿರುಗಿಸುತ್ತಿದ್ದ. ಅಂಥ ದನಿ ಆರಿಹೋದ ಮನೆಯಲ್ಲಿ ನಿಂತು ಮಾವ ಎಲ್ಲರೆದುರು ಘೋಷಿಸಿದ: “ನಾ ಆಕಿ ದನಿ ತಿರುಗಿ ತರ್ತೇನಿ.”

ಬಂಧುಬಳಗ ಸುಲಭದ ದಾರಿಗಳನ್ನು ಸೂಚಿಸಿತು. ಒಂದು ಪಾಟಿ, ಒಂದು ಬಳಪ ಕೊಡಿ, ಬೇಕಾದದ್ದನ್ನು ಬರೆದು ತೋರಿಸುತ್ತಾಳೆ. ಅತ್ತೆ ಗಡಹಿಂಗ್ಲಜ ತಾಲೂಕಿನ ನೂಲ ಎಂಬ ಊರಿನವಳು, ಅಲ್ಲಿಯ ಕನ್ನಡ ಶಾಲೆಯಲ್ಲಿ ಮುತ್ತಿನಂಥ ಅಕ್ಷರಕ್ಕೆ ಹೆಸರಾದವಳು. ಮಾವ ಒಪ್ಪಲಿಲ್ಲ.

“ಪಾಟಿ ಮಾತಾಡ್ತೈತೇನು?”

“ಮಾತಾಡಬೇಕಂತ ಎಲ್ಲೈತಿ, ಮಾಮಾ? ನಾವು ಓದ್ತೇವಲ್ಲ!”

“ಓದೂದು ಬ್ಯಾರೆ, ಕೇಳೂದು ಬ್ಯಾರೆ. ನನಗ ಕೇಳಬೇಕು.”

ಮೊಬೈಲು ತಂದುಕೊಟ್ಟೆವು. ಅದರ ಅಕ್ಷರಗಳು ಅತ್ತೆಯ ಬೆರಳಿಗಿಂತ ಸಣ್ಣವು. ಸಾಲದ್ದಕ್ಕೆ ಅದು ಈ ಮರಾಠಿ ಊರಿನ ಗಾಳಿ ಕುಡಿದು ಬೆಳೆದ ಯಂತ್ರ, ಅತ್ತೆ ಕನ್ನಡದಲ್ಲಿ ಆರಂಭಿಸಿದ್ದನ್ನು ಅದು ಮರಾಠಿಯಲ್ಲಿ ಮುಗಿಸುತ್ತಿತ್ತು. ನಾವೂ ದಿನನಿತ್ಯ ಹಾಗೆಯೇ ಮಾತನಾಡುತ್ತೇವೆ, ನಿಜ. ಆದರೆ ಎಲ್ಲಿ ದಾಟಬೇಕೆಂಬುದನ್ನು ನಾವು ನಿರ್ಧರಿಸುತ್ತೇವೆ, ಯಂತ್ರವಲ್ಲ! ಅತ್ತೆ ಮೊಬೈಲನ್ನು ಗೋಧಿಹಿಟ್ಟಿನ ಡಬ್ಬಿಯ ಮೇಲಿಟ್ಟು ಮತ್ತೆ ಮುಟ್ಟಲಿಲ್ಲ.

ಆಗ ಮಾವನ ಕಣ್ಣು ಬಿದ್ದದ್ದು ಪಡಸಾಲೆಯ ಮೂಲೆಯಲ್ಲಿದ್ದ ಕಂಪ್ಯೂಟರಿನ ಮೇಲೆ. ಮನೆಯ ಹಿಂದಿನ ತನ್ನ ಶೆಡ್ಡಿನ ಮಗ್ಗಗಳನ್ನು ಬೇರೆಯವರಿಗೆ ನಡೆಸಲು ಕೊಟ್ಟಿದ್ದರೂ ಸೀರೆಯಂಚಿನ ವಿನ್ಯಾಸಗಳನ್ನು ಅವನು ಅದರಲ್ಲೇ ಮಾಡಿಕೊಡುತ್ತಿದ್ದ. ಆ ವಿನ್ಯಾಸದ ತಂತ್ರಾಂಶ ಅದರ ಹಳೆಯ ವಿಂಡೋಸ್ ವ್ಯವಸ್ಥೆಯಲ್ಲಿ ಮಾತ್ರ ನಡೆಯುವುದರಿಂದ ಅದನ್ನು ತೆಗೆಯುವಂತಿಲ್ಲ. ಹಾಗಾಗಿ ಅದರ ಹೊಟ್ಟೆಯೊಳಗೇ ಯುನಿಕ್ಸ್‌ನಂಥ ಇನ್ನೊಂದು ಪರಿಸರವನ್ನು ಸ್ಥಾಪಿಸಿದ. ಹಳೆಯ ವಾಡೆಯ ಪಡಸಾಲೆಯಲ್ಲಿ ಗೋಡೆ ಎಬ್ಬಿಸಿ ಬೇರೊಬ್ಬರಿಗೆ ಬಿಡಾರ ಮಾಡಿಕೊಟ್ಟ ಹಾಗೆ. ಒಂದು ಕಪ್ಪು ಚೌಕ, ಅದರೊಳಗೆ ಚಿತ್ರವಿಲ್ಲ, ಬಣ್ಣವಿಲ್ಲ, ಮೌಸಿನ ಕೆಲಸವಿಲ್ಲ, ಎಲ್ಲವೂ ಕೀಲಿಗಳಿಂದಲೇ. ಆ ಪರಿಸರದಲ್ಲಿ ಕನ್ನಡದ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಪುಟ್ಟ ತಂತ್ರಾಂಶವಿತ್ತು. ನೆಗಡಿಯಾದ ರೋಬೋಟಿನ ದನಿ, ಆದರೆ ಕನ್ನಡ! ಇನ್ನು ಬೇಕಾದದ್ದು ಅದಕ್ಕೆ ಹೊಂದುವ ಎಡಿಟರು. ಅತ್ತೆ ಒಂದು ಸಾಲು ಬರೆಯಬೇಕು, ಒಂದು ಕೀಲಿ ಒತ್ತಬೇಕು, ಯಂತ್ರ ನುಡಿಯಬೇಕು.

ನುಡಿಯಲಿಕ್ಕೆ ಮಾವ ಏನು ಜೋಡಿಸಿದ ಗೊತ್ತೇ? ಮದುವೆಮಂಟಪಕ್ಕೆ ಕಟ್ಟುವಂಥ, ಕುಳಿತ ಎಮ್ಮೆಯಷ್ಟು ದೊಡ್ಡ ಸ್ಪೀಕರು! ಕೀಲಿಗಳ ಮೇಲೆ ನೂಲು ಸುತ್ತಿದ ಕೋನುಗಳ ಮೇಲಿನ ಚೀಟಿ ಕತ್ತರಿಸಿ, ಕನ್ನಡ ಅಕ್ಷರ ಬರೆದು ಅಂಟಿಸಿದ. ಅತ್ತೆ ಮುಂಜಾನೆ ಸ್ನಾನ ಮುಗಿಸಿ ತನ್ನ ಹಣೆಗೆ ಹಚ್ಚಿದ ವಿಭೂತಿಯಲ್ಲಿ ಒಂದು ಪಾಲನ್ನು ಮಾನಿಟರಿನ ಹಣೆಗೂ ಹಚ್ಚತೊಡಗಿದಳು. ಸಕಲ ಸಿದ್ಧತೆ ಮುಗಿಯಿತು. ನಿಜವಾದ ದುರಂತ ಆರಂಭವಾಯಿತು.

ಮೊದಲನೆಯ ಎಡಿಟರು ಮಹಾ ಗರ್ವಿಷ್ಠ. ಅದಕ್ಕೆ ಎರಡು ಅವಸ್ಥೆಗಳು: ಒಂದರಲ್ಲಿ ಕೀಲಿ ಒತ್ತಿದರೆ ಅಕ್ಷರ ಮೂಡುತ್ತದೆ, ಇನ್ನೊಂದರಲ್ಲಿ ಅದೇ ಕೀಲಿ ಆಜ್ಞೆಯಾಗುತ್ತದೆ. ಆಜ್ಞೆಗಳೋ, ಇಂಗ್ಲಿಷ್ ಅಕ್ಷರದಲ್ಲೇ ಬರಬೇಕು. ಅಂದರೆ ಅತ್ತೆ ಕನ್ನಡದಲ್ಲಿ ಬರೆದು, ಅವಸ್ಥೆ ಬದಲಿಸಿ, ಕೀಲಿಮಣೆಯನ್ನು ಇಂಗ್ಲಿಷಿಗೆ ತಿರುಗಿಸಿ, ಉಳಿಸುವ ಆಜ್ಞೆ ಕೊಟ್ಟು, ಹೊರಬಂದು, ನುಡಿಸುವ ಆಜ್ಞೆ ಕೊಡಬೇಕು. ಉದ್ಘಾಟನೆಯ ದಿನ ನಾನೇ ಸಾಕ್ಷಿ. ಅತ್ತೆ ಏನೋ ನೋಡಿ ಗಾಬರಿಯಾಗಿ ಕೀಲಿಮಣೆಗೆ ಬಂದು ಕುಳಿತಳು. ಬರೆದಳು. ಮಾವ ಪಕ್ಕದಲ್ಲಿ ನಿಂತು ನಿರ್ದೇಶಿಸುತ್ತಿದ್ದ.

“ಈಗ ಹೊರಗ ಬಾ. ಹಂಗಲ್ಲ! ಮೊದಲ ಇಂಗ್ಲಿಷ್ ಮಾಡು. ಮಾಡಿದೇನು? ಅರೆ, ಮತ್ತ ಕನ್ನಡ ಆತು! ತಡಿ ತಡಿ, ಏನೂ ಒತ್ತಬ್ಯಾಡ!”

ಕೊನೆಗೂ ಸ್ಪೀಕರು ಗರ್ಜಿಸಿತು: ‘ಹಾಲು ಉಕ್ಕಾಕತ್ತೈತಿ.’ ಅಷ್ಟು ಹೊತ್ತಿಗೆ ಹಾಲು ಉಕ್ಕಿ, ಪಾತ್ರೆ ಸೀದು, ವಾಸನೆ ಬೀದಿಗೆ ತಲುಪಿ, ಪಕ್ಕದ ಮನೆಯ ಮಾವ್ಶಿ ಬಾಗಿಲಲ್ಲಿ ನಿಂತು “ಕಾಯ್ ಜಳತಯ್ ಹೋ?”, ಏನು ಸುಡುತ್ತಿದೆಯಪ್ಪಾ, ಎಂದು ಕೇಳಿಯೂ ಆಗಿತ್ತು!

“ಹೊಂದೂದಿಲ್ಲ,” ಎಂದ ಮಾವ. ಹೊಸದನ್ನು ಹುಡುಕತೊಡಗಿದ.

ಎರಡನೆಯದು ಕೊಲ್ಹಾಪುರದ ಗೆಳೆಯನೊಬ್ಬನಿಂದ ಬಂದದ್ದು. ಲಗ್ನಪತ್ರಿಕೆ ಅಚ್ಚು ಮಾಡುವ ಆ ಮನುಷ್ಯನ ಹಳೆಯ ತಂತ್ರಾಂಶದಲ್ಲಿ ಕನ್ನಡ ಎಷ್ಟು ಚೆಂದ ಮೂಡುತ್ತಿತ್ತೆಂದರೆ ಅತ್ತೆ ತೆರೆಯನ್ನು ಕೈಯಿಂದ ಸವರಿದಳು. ಮಾವ ಪರೀಕ್ಷೆಗೂ ಕಾಯಲಿಲ್ಲ. ಗಡಹಿಂಗ್ಲಜದಲ್ಲಿ ಅತ್ತೆಯ ತಮ್ಮನ ಹೊಸಮನೆಯ ವಾಸ್ತುಶಾಂತಿ. ನೂಲದಿಂದ ಬಳಗವೆಲ್ಲ ಬಂದು ಸೇರುವ ದಿನ. ಆಕೆ ತನ್ನ ಮೊದಲ ಮಾತನ್ನು ತವರಿನವರ ಮುಂದೆಯೇ ಆಡಲಿ! ಕಂಪ್ಯೂಟರು, ಮಾನಿಟರುಗಳನ್ನು ಸೀರೆಯ ಗಂಟಿನಂತೆ ಕಟ್ಟಿ, ಸ್ಪೀಕರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದ. ಕಂಡಕ್ಟರ್ ಕೆಂಡವಾದ: “ಕಾಕಾ, ಹೇ ಕಾಯ್? ಟೀವ್ಹೀ ಕಾ?” ಇದೇನು, ಟೀವಿಯೇ ಎಂದು.

“ನಾಹೀ ಹೋ,” ಎಂದ ಮಾವ ಗಂಭೀರವಾಗಿ, ಅತ್ತೆಯತ್ತ ಕೈ ತೋರಿಸಿ, “ಹಿಚಾ ಆವಾಜ್ ಆಹೇ.” ಇದು ಇವಳ ದನಿ ಎಂದದ್ದನ್ನು ಕೇಳಿ ಕಂಡಕ್ಟರ್ ಸ್ಪೀಕರಿಗೂ ಒಂದು ಅರ್ಧ ಟಿಕೀಟು ಹರಿದ. ನೀವಾದರೂ ಏನು ಮಾಡುತ್ತಿದ್ದಿರಿ?

ಹೊಸಮನೆಯ ನಡುಮನೆಯಲ್ಲಿ ಬಳಗ ವೃತ್ತ ಕಟ್ಟಿ ಕುಳಿತಿತು. ಅತ್ತೆ ಸೆರಗು ಸರಿಪಡಿಸಿಕೊಂಡು, ತಮ್ಮನ ಮುಖ ನೋಡಿ, ನಿಧಾನವಾಗಿ ಬರೆದಳು: ‘ನಿನ್ನ ಮನಿ ತಣ್ಣಗಿರಲಿ.’ ತೆರೆಯ ಮೇಲೆ ಮುತ್ತಿನ ಸಾಲು! ಆಕೆಯ ತಂಗಿಯ ಕಣ್ಣಲ್ಲಿ ನೀರು. ಮಾವ ಕೀಲಿ ಒತ್ತಿದ. ಆ ಎಮ್ಮೆಗಾತ್ರದ ಸ್ಪೀಕರು ಇಡೀ ಗಲ್ಲಿಗೆ ಕೇಳುವಂತೆ ಸಾರಿತು: ‘ಝಡ್ ಎಫ್ ಡಾಲರ್ ಕ್ಯೂ ಡಬ್ಲ್ಯೂ ಸೆಮಿಕೋಲನ್!’

ಸಂಗತಿ ಇಷ್ಟೆ. ಆ ಹಳೆಯ ತಂತ್ರಾಂಶ ಕನ್ನಡವನ್ನು ಕಣ್ಣಿಗಷ್ಟೇ ತೋರಿಸುತ್ತದೆ. ಒಳಗೆ ಉಳಿಸುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮೇಲೆ ರೇಷ್ಮೆ, ಒಳಗೆ ಚಿಂದಿ. ಓದುವ ಯಂತ್ರ ಪ್ರಾಮಾಣಿಕವಾಗಿ ಚಿಂದಿಯನ್ನು ಓದಿತು. ಆದರೆ ಇದನ್ನು ಬಳಗಕ್ಕೆ ವಿವರಿಸುವವರು ಯಾರು? ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಗಲ್ಲದ ಮೇಲೆ ಕೈಯಿಟ್ಟು ಉದ್ಗರಿಸಿದಳು: “ಯವ್ವಾ! ಆಪರೇಷನ್ ಮಾಡಿದ್ದ ಮಾಡಿದ್ದು, ನಮ್ಮ ಹುಡುಗಿ ಇಂಗ್ಲಿಷ್ ಕಲ್ತಾಳ ನೋಡ್ರಿ!”

ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು, ಸದ್ದಿಲ್ಲದೆ, ಭುಜಗಳನ್ನು ಕುಣಿಸುತ್ತ. ನಾನು ನಗಲಿಲ್ಲ. ಸದ್ದಿಲ್ಲದ ನಗುವನ್ನು ನೀವು ಎದುರಿಗೆ ಕುಳಿತು ನೋಡಿದ್ದೀರಾ? ನೋಡಿದ್ದರೆ ನೀವೂ ನಗುತ್ತಿರಲಿಲ್ಲ.

ಮೂರನೆಯ ಎಡಿಟರು ಸಾಧು. ಅವಸ್ಥೆಗಳಿಲ್ಲ, ಮೋಸವಿಲ್ಲ, ಬರೆದದ್ದನ್ನು ಅಪ್ಪಟ ಕನ್ನಡವಾಗಿಯೇ ಉಳಿಸುತ್ತದೆ. ಯಂತ್ರ ಅದನ್ನು ಸರಿಯಾಗಿಯೇ ಓದಿತು! ನಾವು ಜಯಘೋಷ ಮಾಡುವಷ್ಟರಲ್ಲಿ ಎರಡು ಊನಗಳು ಬಯಲಾದವು. ಕಪ್ಪು ಚೌಕ ನಮ್ಮ ಒತ್ತಕ್ಷರಗಳನ್ನು ಅರಿಯದು. ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ಜೋತುಬಿದ್ದಿರಬಹುದೆಂಬ ಕಲ್ಪನೆಯೇ ಅದಕ್ಕಿಲ್ಲ. ಪ್ರತಿಯೊಂದಕ್ಕೂ ಒಂದೇ ಅಳತೆಯ ಖೋಲಿ, ಒಂದೇ ಕೋಣೆ. ಹಾಗಾಗಿ ‘ಅಕ್ಕ’ ಎಂದು ಬರೆದರೆ ಒತ್ತು ಕಳಚಿ ಪಕ್ಕಕ್ಕೆ ಬಿದ್ದು ನರಳುತ್ತಿತ್ತು. ಅತ್ತೆ ಅದನ್ನು ಒಮ್ಮೆ ನೋಡಿದಳು. ಮುತ್ತಿನಂಥ ಅಕ್ಷರದ ಹೆಣ್ಣುಮಗಳು ಎದ್ದು ನಿಂತು, ಕುಂಟುವವರಂತೆ ಕೋಣೆಯ ತುಂಬ ನಾಲ್ಕು ಹೆಜ್ಜೆ ಹಾಕಿ ತೋರಿಸಿ, ಕೀಲಿಮಣೆಯ ಮೇಲೆ ಟವೆಲು ಹೊದಿಸಿ ಒಳಗೆ ಹೋದಳು. ಮತ್ತೆ ಅದರ ಮುಂದೆ ಕೂರಲಿಲ್ಲ.

ಎರಡನೆಯ ಊನ ಬಿಕ್ಕಳಿಕೆ. ಆ ಎಡಿಟರು ಹುಟ್ಟಿದ್ದು ಹೊರಗಿನ ವ್ಯವಸ್ಥೆಗಾಗಿ, ಓದುವ ತಂತ್ರಾಂಶ ಇರುವುದು ಒಳಗಿನ ಬಿಡಾರದಲ್ಲಿ. ಸಾಲು ಮುಗಿಯಿತೆಂದು ಸೂಚಿಸಲು ಹೊರಗಿನವರು ಕಣ್ಣಿಗೆ ಕಾಣದ ಎರಡು ಗುರುತು ಹಾಕುತ್ತಾರೆ, ಒಳಗಿನವರು ಒಂದೇ ಒಂದು. ಹೆಚ್ಚಿನ ಆ ಒಂದು ಗುರುತು ಸಿಕ್ಕಾಗಲೆಲ್ಲ ಯಂತ್ರ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ‘ಇಕ್’ ಎನ್ನುತ್ತಿತ್ತು. ಮಾವ ತಲೆಯ ಮೇಲೆ ಕೈ ಹೊತ್ತು ಹೇಳಿದ: “ಎಳಿ ಎಲ್ಲಿ ಮುಗೀತು ಅನ್ನೂದರಾಗ ಇಬ್ಬರದೂ ಜಗಳ ನೋಡವ್ವಾ. ಮಗ್ಗದಾಗ ಆಗಿದ್ರ ಗಂಟ ಹಾಕಿ ಬಿಡ್ತಿದ್ದೆ. ಇಲ್ಲಿ ತುದಿನ ಕಾಣೂದಿಲ್ಲ!”

“ಇಕ್ ಅಂದ್ರ ಏನಾತು, ಮಾಮಾ? ಮಾತು ತಿಳೀತೈತಲ್ಲ!”

“ಗಂಟಲಾ ಕೊಯ್ಸಿಕೊಂಡಾಕಿ ಆಕಿ. ಆಕಿ ಮಾತಿನಾಗ ಇಕ್ ಅನ್ನಬಾರದು.”

ಇಲ್ಲಿಂದ ನನ್ನ ಸಿಟ್ಟು ಮಾವನನ್ನು ದಾಟಿ ಹೊರಟಿತು. ಅಂತರ್ಜಾಲದ ಒಂದು ಚರ್ಚಾಕಟ್ಟೆಯಲ್ಲಿ ಅವನ ಪರವಾಗಿ ನಾನೇ ಪ್ರಶ್ನೆ ಬರೆದೆ: ಯುನಿಕ್ಸ್‌ನಂಥ ಪರಿಸರದಲ್ಲಿ ಕನ್ನಡವನ್ನು ಊನವಿಲ್ಲದೆ ಬರೆಯುವ ಎಡಿಟರು ಯಾವುದು? ಎಡಿಟರುಗಳ ಭಕ್ತರು ಬಂದರು. ನನ್ನ ಪ್ರಶ್ನೆಯ ಹೊಸ್ತಿಲಲ್ಲೇ ಪರಸ್ಪರರ ಎಡಿಟರುಗಳನ್ನು ಹಳಿದು ಹೊಡೆದಾಡಿದರು. ಒಬ್ಬ ಮಹನೀಯ ಮಾತ್ರ ನನಗೆ ಉತ್ತರಿಸಿದ: ಇದು ದೋಷವಲ್ಲ, ಮಿತಿ, ಅಷ್ಟು ತೊಂದರೆಯಾದರೆ ಇಂಗ್ಲಿಷಿನಲ್ಲಿ ಬರೆಯಬಹುದಲ್ಲ?

ಮಿತಿ! ಎಷ್ಟು ಸಭ್ಯವಾದ ಪದ! ನೂಲದ ಶಾಲೆಯಲ್ಲಿ ಕನ್ನಡ ಕಲಿತು, ಇಚಲಕರಂಜಿಯಲ್ಲಿ ಬಾಳಿ, ಕೊಲ್ಹಾಪುರದಲ್ಲಿ ದನಿ ಕಳೆದುಕೊಂಡ ಹೆಣ್ಣೊಬ್ಬಳು ‘ಅಕ್ಕ’ ಎನ್ನಲಾರದಿದ್ದರೆ ಅದು ಯಾರ ಮಿತಿ? ಒತ್ತಕ್ಷರಕ್ಕೆ ಜಾಗವಿಡದೆ ಖೋಲಿ ಕಟ್ಟಿದವರನ್ನು ಯಾರು ಪ್ರಶ್ನಿಸಬೇಕು? ನಮ್ಮ ನುಡಿಯ ಹೆಸರಿನಲ್ಲಿ ವರ್ಷವರ್ಷವೂ ವೇದಿಕೆ ಕಟ್ಟಿ ಶಾಲು ಹೊದಿಸಿಕೊಳ್ಳುವವರು ಈ ಕಪ್ಪು ಚೌಕದೊಳಗೆ ಒಮ್ಮೆಯಾದರೂ ಇಣುಕಿದ್ದಾರೆಯೇ? ನಾನು ಇದನ್ನೆಲ್ಲ ಬರೆದೆ. ನನ್ನ ಬರಹ ಸಭ್ಯವಾಗಿಲ್ಲವೆಂದು ಅಳಿಸಿಹಾಕಿದರು. ಅಳಿಸುವುದರಲ್ಲಿ ಮಾತ್ರ ಎಲ್ಲ ಎಡಿಟರುಗಳೂ ಎಲ್ಲ ಭಾಷೆಗಳಿಗೂ ಹೊಂದುತ್ತವೆ!

ಲೋಕವನ್ನು ದಂಡಿಸಲಾಗದವರು ಮನೆಯವರನ್ನು ದಂಡಿಸುತ್ತಾರಷ್ಟೆ. ನಾನೂ ಮಾವನ ಬೆನ್ನು ಹತ್ತಿದೆ. ನಾನಿರುವ ಕೊಲ್ಹಾಪುರದಿಂದ ಯಾವಾಗ ಹೋದರೂ ಅದೇ ದೃಶ್ಯ: ಹೊಸದೊಂದು ಎಡಿಟರು ಇಳಿಯುತ್ತಿರುತ್ತದೆ, ಮಾವ ಕೀಲಿಮಣೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಕುಳಿತಲ್ಲೇ ನಿದ್ದೆ ಹೊಡೆಯುತ್ತಿರುತ್ತಾನೆ. ಬೆರಳುಗಳು ಮಾತ್ರ ಕನಸಿನಲ್ಲೂ ಆಡುತ್ತಿರುತ್ತವೆ. ಒಳಗೆ ಅತ್ತೆ ಮೌನವಾಗಿ ಬದನೆಕಾಯಿ ಹೆಚ್ಚುತ್ತಿರುತ್ತಾಳೆ. ಒಬ್ಬಳ ಬಾಯಿಗೆ ಬೀಗ ಬಿದ್ದಿರುವಾಗ ಕೀಲಿಕೈಗಳ ಅಂದಚೆಂದ ನೋಡುತ್ತ ತೂಕಡಿಸುವ ಹಕ್ಕು ಯಾವ ಗಂಡನಿಗಿದೆ?

ಮೊನ್ನೆ ಕೊನೆಯ ಮಾತು ಆಡಿಯೇ ಬರುವುದೆಂದು ಹೊರಟೆ. ಇಂದು ಒಂದು ಎಡಿಟರು ಆರಿಸು, ಇಲ್ಲವೇ ಪಾಟಿ ಕೊಟ್ಟು ಅವಳನ್ನು ಬಿಡುಗಡೆ ಮಾಡು! ದಾರಿಯುದ್ದಕ್ಕೂ ವಾಕ್ಯಗಳನ್ನು ಮಸೆದುಕೊಂಡಿದ್ದೆ. ಆದರೆ ಮನೆ ಮುಟ್ಟಿದಾಗ ಹಿಂದಿನ ಶೆಡ್ಡಿನಲ್ಲಿ ಎಲ್ಲ ಮಗ್ಗಗಳೂ ಓಡುತ್ತಿದ್ದವು. ಖಟಖಟ ಖಟಖಟ, ನೆಲ, ಗೋಡೆ, ಕಪಾಟಿನ ಕಪ್ಪುಬಸಿಗಳೆಲ್ಲ ನಡುಗುತ್ತಿದ್ದವು. ನಾನು ಪಡಸಾಲೆಯ ಬಾಗಿಲಲ್ಲಿ ನಿಂತು ನನ್ನ ಮಸೆದ ವಾಕ್ಯಗಳನ್ನು ಪೂರ್ಣ ಕಂಠದಲ್ಲಿ ಹೇಳಿದೆ. ನನಗೇ ಕೇಳಿಸಲಿಲ್ಲ.

ಮಾವ ನನ್ನತ್ತ ತಿರುಗಲಿಲ್ಲ. ಅವನು ಅಡುಗೆಮನೆಯ ಬಾಗಿಲನ್ನು ನೋಡುತ್ತಿದ್ದ. ಅಲ್ಲಿ ನಿಂತಿದ್ದ ಅತ್ತೆಯ ತುಟಿಗಳು ಚುರುಕಾಗಿ ಆಡುತ್ತಿದ್ದವು. ಕೈ ಒಮ್ಮೆ ಮೂಗಿನ ಬಳಿ ಹೋಗಿ ನತ್ತಿನ ಆಕಾರ ಬಿಡಿಸಿತು, ಒಮ್ಮೆ ನೆರೆಮನೆಯ ದಿಕ್ಕಿಗೆ ಚಿಮ್ಮಿತು. ಮಾವನ ತುಟಿಗಳು ಏನೋ ಮರುನುಡಿದವು. ಅತ್ತೆ ಹಣೆ ಚಚ್ಚಿಕೊಂಡಳು, ಮತ್ತೆ ಆರಂಭಿಸಿದಳು. ಮಾವ ತೊಡೆ ತಟ್ಟಿಕೊಂಡು ನಕ್ಕ. ಅಷ್ಟರಲ್ಲಿ ವಿದ್ಯುತ್ತು ಹೋಯಿತು. ಮಗ್ಗಗಳು ಒಂದೊಂದಾಗಿ ನಿಂತವು, ಕಂಪ್ಯೂಟರು ಕಣ್ಣು ಮುಚ್ಚಿತು, ಕಿವಿಯಲ್ಲಿ ಗುಂಯ್‌ಗುಡುವ ನಿಶ್ಶಬ್ದ ಬಂದು ನಿಂತಿತು. ಅವರಿಬ್ಬರಿಗೆ ಅದರ ಪರಿವೆಯೇ ಇರಲಿಲ್ಲ. ಮಾತು ನಡೆದೇ ಇತ್ತು.

ಮಗ್ಗದ ಶೆಡ್ಡಿನಲ್ಲಿ ಯಾರೂ ದನಿಯಿಂದ ಮಾತನಾಡುವುದಿಲ್ಲ. ಅಲ್ಲಿ ದನಿ ಯಾರಿಗೂ ಕೇಳಿಸದು. ಎಳೆ ಕಡಿಯಿತು, ಲಾಳಿ ಸಿಕ್ಕಿಕೊಂಡಿತು, ಊಟಕ್ಕೆ ಬಾ, ಆ ಮನೆಯ ಸೊಸೆ ತವರಿಗೆ ಹೋದಳಂತೆ, ಎಲ್ಲವೂ ತುಟಿ ಮತ್ತು ಕೈಗಳಲ್ಲೇ. ಈ ಊರಿನಲ್ಲಿ ಅದು ಎಲ್ಲರಿಗೂ ಗೊತ್ತು, ಹೊರಗಿನಿಂದ ಬರುವ ನನಗೆ ಮಾತ್ರ ಅಂದೇ ಹೊಳೆದದ್ದು. ಆ ಶೆಡ್ಡಿನಲ್ಲೇ ಸಂಸಾರ ಹೂಡಿ, ಅಲ್ಲೇ ಪ್ರೀತಿಸಿ, ಅಲ್ಲೇ ಜಗಳವಾಡಿದ ದಂಪತಿಗಳು ಇವರು.

“ಮಾಮಾ,” ಎಂದೆ. ಮಸೆದ ವಾಕ್ಯಗಳು ಎಲ್ಲಿ ಹೋದವೋ. “ಅತ್ತಿ ಹೇಳೂದೆಲ್ಲಾ ನಿಮಗ ತಿಳೀತೈತಿ?”

“ತಿಳೀದ ಏನು? ಮುಂಜಾನಿಂದ ತಲಿ ತಿನ್ನಾಕತ್ತಾಳ. ಬಾಜೂದ ಮನ್ಯಾಗ ನತ್ತು ಕಳದೈತಂತ.”

“ಮತ್ತ ಈ ಎಡಿಟರ್ ಯಾಕ? ಈ ಎಮ್ಮಿ ಯಾಕ? ಯಾರಿಗೆ ಬೇಕಾಗೈತಿ ಇದು?”

ಮಾವ ಅತ್ತೆಯನ್ನು ಒಮ್ಮೆ ನೋಡಿದ. ಆಮೇಲೆ ಕುರ್ಚಿಯನ್ನು ಪೂರ್ತಿ ಗೋಡೆಯ ಕಡೆಗೆ ತಿರುಗಿಸಿಕೊಂಡು, ತನ್ನ ತುಟಿಗಳು ಅವಳಿಗೆ ಕಾಣದಂತೆ ಮುಖ ಮರೆಮಾಡಿ, ಮಗ್ಗದಿಂದ ಮಂದವಾದ ಅವಳ ಕಿವಿಗೆ ಮುಟ್ಟದಷ್ಟು ಮೆಲ್ಲಗೆ ಹೇಳಿದ:

“ನನಗ ಬೇಕಾಗೈತವ್ವಾ. ಕಾಚಬಿಂದು, ಗ್ಲಾಕೋಮಾ ಅಂತಾರಲ್ಲ, ಅದು ಐತಿ, ಎರಡೂ ಕಣ್ಣಿಗೆ. ಕೊಲ್ಹಾಪುರದ ಡಾಕ್ಟರ್ ಹೇಳ್ಯಾನ, ಹೋದದ್ದು ತಿರುಗಿ ಬರೂದಿಲ್ಲಂತ. ಬದಿಯಿಂದ ಒಳಗ ಕತ್ತಲಾಕ್ಕೊಂತ ಬಂದೈತಿ. ಪೂರಾ ಕತ್ತಲಾದಮ್ಯಾಲೆ ಆಕಿ ತುಟಿ ನಾ ಹೆಂಗ ನೋಡ್ಲಿ? ಪಾಟಿ ಹೆಂಗ ಓದ್ಲಿ? ನನಗ ಕೇಳಬೇಕಲ್ಲ.”

ಪಾಟಿ ಮಾತಾಡ್ತೈತೇನು ಎಂದು ಅವನು ಕೇಳಿದ್ದ, ನಾನು ನಕ್ಕಿದ್ದೆ. ಶೆಡ್ಡು ಅರ್ಧ ತಿಂದುಹಾಕಿದ ಕಿವಿಗೂ ಕೇಳಿಸಲೆಂದು ಮದುವೆಮಂಟಪದ ಸ್ಪೀಕರು. ಮೌಸಿಲ್ಲದ, ಕೀಲಿಗಳಷ್ಟೇ ಸಾಕಾಗುವ ಆ ಕಪ್ಪು ಚೌಕ. ಕಣ್ಣು ಮುಚ್ಚಿ ಕೀಲಿಮಣೆಯ ಮೇಲೆ ಆಡುತ್ತಿದ್ದ ಬೆರಳುಗಳು. ಅದು ನಿದ್ದೆಯಲ್ಲ, ಅಭ್ಯಾಸ.

“ಕಣ್ಣು ಹೋಗ್ತಾವಾ, ಮಾಮಾ?” ಎಂದೆ.

“ಸಾವಕಾಶ. ಆಕಿಗೆ ಹೇಳಬ್ಯಾಡ.”

ನಾನು ತಲೆಯೆತ್ತಿದೆ. ಮಾವ ತನ್ನ ಮುಖವನ್ನು ಮರೆಮಾಡಿದ್ದ. ನನ್ನ ಮುಖ ಅಡುಗೆಮನೆಯ ಬಾಗಿಲಿಗೆ ಎದುರಾಗಿಯೇ ಇತ್ತು. ಅತ್ತೆ ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಅವಳು ಬೆಚ್ಚಲಿಲ್ಲ. ಬದಿಗೆ ಬಂದು ನಿಂತವರನ್ನು ಗುರುತಿಸದೆ ಹೋಗುವ ಗಂಡನನ್ನು ಹೆಂಡತಿಯಾದವಳು ಗಮನಿಸದಿರುತ್ತಾಳೆಯೇ? ನನ್ನನ್ನು ನೋಡುತ್ತ ಅವಳು ನಿಧಾನವಾಗಿ, ಕಲಿಯುವವರಿಗೆ ಹೇಳುವಂತೆ, ತುಟಿಗಳನ್ನು ಆಡಿಸಿದಳು. ಆವರೆಗೆ ಒಂದು ಪದವನ್ನೂ ಹಾಗೆ ಓದಲಾರದಿದ್ದ ನಾನು ಓದಿದೆ: ಗೊತ್ತೈತಿ.

ವಿದ್ಯುತ್ತು ಬಂತು. ಶೆಡ್ಡಿನಲ್ಲಿ ಮಗ್ಗ ಹೂಡುವ ಮುನ್ನಿನ ಕೂಗಾಟ ಎದ್ದಿತು, ಕಂಪ್ಯೂಟರು ಮೆಲ್ಲಗೆ ಎಚ್ಚೆತ್ತಿತು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಕೀಲಿಮಣೆಯನ್ನು ತನ್ನತ್ತ ಎಳೆದುಕೊಂಡು, ತಾನು ತಿರಸ್ಕರಿಸಿದ್ದ ಆ ಮೂರನೆಯ ಎಡಿಟರನ್ನೇ ನನ್ನ ಕೈಯಿಂದ ತೆರೆಸಿ, ಮಾವನ ಪಕ್ಕದಲ್ಲಿ ಕುಳಿತಳು. ಒಂದೊಂದೇ ಕೀಲಿ ಹುಡುಕಿ ಬರೆದಳು. ತೆರೆಯ ಮೇಲೆ ಒತ್ತುಗಳು ಕಳಚಿ ಬಿದ್ದವು, ಅವಳು ಲೆಕ್ಕಿಸಲಿಲ್ಲ. ಮಾವ ಗೋಡೆಯ ಕಡೆಯಿಂದ ತಿರುಗಲಿಲ್ಲ. ಕಣ್ಣು ಮುಚ್ಚಿ ಕುಳಿತಿದ್ದ.

ಸ್ಪೀಕರು ಮನೆ ನಡುಗುವಂತೆ ನುಡಿಯಿತು: ‘ಇತ್ತ ತಿರುಗ್ರಿ, ಚಾ ಆರಾಕತ್ತೈತಿ. ಇಕ್.’

“ಕೇಳಸ್ತು,” ಎಂದ ಮಾವ, ಕಣ್ಣು ತೆರೆಯದೆ. “ಕೇಳಸ್ತು.”